ಇಪ್ಪತ್ತೊಂದು ಎಲೆಗಳ ಎದುರಾಳಿ

ಇಸ್ಪೀಟಿನ ಎಲೆಗಳನ್ನು ಹಿಡಿದು ಒಬ್ಬನೇ ಕುಳಿತವನನ್ನು ಕಂಡರೆ ನೋಡಿದವರಿಗೆ ಮರುಕವುಂಟಾಗುವುದು ಸಹಜ. ಜೊತೆಗಾರರು ಸಿಕ್ಕದೆ, ಹೊತ್ತೂ ಹೋಗದೆ ಹೀಗೆ ಮಾಡುತ್ತಿದ್ದಾನೆಂದು ಅವರು ತಿಳಿಯುತ್ತಾರೆ. ವಿಜ್ಞಾನದ ಚರಿತ್ರೆಯನ್ನು ಬಲ್ಲವರು ಮಾತ್ರ ಅಷ್ಟು ಬೇಗ ತೀರ್ಪು ಕೊಡಲಾರರು. ೧೯೪೬ರಲ್ಲಿ, ಪೋಲೆಂಡ್ ಮೂಲದ ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಅವರು ಅಮೆರಿಕದಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ಕ್ಯಾನ್‌ಫೀಲ್ಡ್ ಎಂಬ ಒಬ್ಬಂಟಿ ಎಲೆಯಾಟವನ್ನು ಆಡುತ್ತಿದ್ದರು. ಈ ಆಟ ಗೆಲ್ಲುವ ಸಂಭವವೆಷ್ಟು ಎಂಬ ಪ್ರಶ್ನೆ ಅವರಿಗೆ ಹೊಳೆಯಿತು. ಸೂತ್ರಗಳಿಂದ ಲೆಕ್ಕಹಾಕಹೊರಟು ಬೇಸತ್ತ ಮೇಲೆ, ನೂರು ಸಲ ಆಡಿ ಎಷ್ಟು ಸಲ ಗೆದ್ದೆವೆಂದು ಎಣಿಸಿಬಿಡುವುದೇ ಸುಲಭವಲ್ಲವೇ ಎಂದು ಅವರು ಯೋಚಿಸಿದರು. ಆ ಯೋಚನೆಯೇ ನ್ಯೂಟ್ರಾನುಗಳು ವಸ್ತುವಿನೊಳಗೆ ಹರಡುವ ಬಗೆಯನ್ನು ಲೆಕ್ಕಹಾಕುವ ವಿಧಾನವಾಗಿ ಬೆಳೆಯಿತು. ವಾನ್ ನಾಯ್ಮನ್ನರು ಅದಕ್ಕೆ ಕೈಗೂಡಿಸಿದರು. ೧೯೪೯ರಲ್ಲಿ ಮೆಟ್ರೊಪೊಲಿಸ್ ಮತ್ತು ಉಲಾಮ್ ಅದನ್ನು ಮಾಂಟೆ ಕಾರ್ಲೊ ವಿಧಾನವೆಂಬ ಹೆಸರಿನಿಂದ ಪ್ರಕಟಿಸಿದರು.

ಅಂದಮೇಲೆ ಒಬ್ಬಂಟಿ ಆಟವನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಹಗುರವಾಗಿ ಕಾಣತಕ್ಕದ್ದಲ್ಲ. ನಾವು ಇಲ್ಲಿ ಪರೀಕ್ಷಿಸಹೊರಟಿರುವುದು ಕ್ಯಾನ್‌ಫೀಲ್ಡನ್ನಲ್ಲ. ಅದಕ್ಕಿಂತ ಬಹಳ ಈಚಿನ, ಬಹಳ ಬಣ್ಣದ ಒಂದು ಆಟವನ್ನು. ೨೦೧೨ರಲ್ಲಿ ಅಮೆರಿಕದ ಅಪ್ಪರ್ ಡೆಕ್ ಎಂಬ ಸಂಸ್ಥೆ ‘ಲೆಜೆಂಡರಿ’ ಎಂಬ ಹೆಸರಿನಲ್ಲಿ ಅದನ್ನು ಹೊರತಂದಿತು. ಅದನ್ನು ರಚಿಸಿದವರು ಡೆವಿನ್ ಲೋ. ಮಾರ್ವೆಲ್ ಸಂಸ್ಥೆಯ ಚಿತ್ರಕಥೆಗಳಲ್ಲಿ ಮೆರೆದ ಸೂಪರ್‌ಹೀರೋಗಳಾದ ಸ್ಪೈಡರ್‌ಮ್ಯಾನ್, ಹಲ್ಕ್, ಐರನ್‌ಮ್ಯಾನ್, ಕ್ಯಾಪ್ಟನ್ ಅಮೆರಿಕಾ ಮುಂತಾದವರೇ ಇದರ ಎಲೆಗಳ ಮೇಲಿನ ವೀರರು. ಎಲೆಗಳ ಮೇಲೆ ವೀರರನ್ನು ಚಿತ್ರಿಸುವುದು ನಮಗೇನೂ ಹೊಸತಲ್ಲ. ನಮ್ಮ ದಶಾವತಾರ ಗಂಜೀಫದ ೧೨೦ ಎಲೆಗಳಲ್ಲಿ ಹತ್ತು ಅವತಾರಗಳೂ ತಲಾ ಹನ್ನೆರಡು ಎಲೆಗಳನ್ನು ಆಳುತ್ತಿದ್ದುವು. ಲೆಜೆಂಡರಿಯನ್ನು ಒಬ್ಬರಿಂದ ಐವರವರೆಗೆ ಆಡಬಹುದು. ನಾವು ಒಬ್ಬರೇ ಆಡುವ ಬಗೆಯನ್ನಷ್ಟೇ ತೆಗೆದುಕೊಳ್ಳುತ್ತೇವೆ.

ಈ ಜಾತಿಯ ಆಟಗಳಿಗೆ ‘ಕಟ್ಟು ಕಟ್ಟುವ ಆಟ’ಗಳೆನ್ನಬಹುದು. ೨೦೦೮ರಲ್ಲಿ ಡೊನಾಲ್ಡ್ ವಕ್ಕಾರಿನೋ ರಚಿಸಿದ ‘ಡೊಮಿನಿಯನ್’ ಈ ಮಾರ್ಗವನ್ನು ಜನಪ್ರಿಯಗೊಳಿಸಿತು. ಸಾಧಾರಣ ಇಸ್ಪೀಟಿನಲ್ಲಿ ಐವತ್ತೆರಡು ಎಲೆಗಳು ಎಂದೆಂದಿಗೂ ಐವತ್ತೆರಡೇ. ಇಲ್ಲಿ ಹಾಗಲ್ಲ. ಆಟಗಾರನಿಗೆ ಮೊದಲು ದೊರೆಯುವುದು ಬಡಕಲು ಕಟ್ಟು. ಅದರಿಂದ ಬಂದ ಸಂಪಾದನೆಯಿಂದ ಹೊಸ ಎಲೆಗಳನ್ನು ಕೊಂಡು, ಅವನ್ನು ಅದೇ ಕಟ್ಟಿಗೆ ಸೇರಿಸಿ, ಕಲಸಿ, ಮತ್ತೆ ಎಳೆದುಕೊಳ್ಳುತ್ತಾನೆ. ಅಂದರೆ ತನ್ನ ಅದೃಷ್ಟದ ಪೆಟ್ಟಿಗೆಯನ್ನು ತಾನೇ ಆಡುತ್ತಾಡುತ್ತ ತಯಾರಿಸಿಕೊಳ್ಳುತ್ತಾನೆ. ಸಂಭವನೀಯತೆಯ ಪಾಠಗಳಲ್ಲಿ ಬರುವ ಬಿಳಿ ಮತ್ತು ಕರಿ ಗೋಲಿಗಳ ಚೀಲವನ್ನು ವಾಚಕರು ನೆನೆದುಕೊಳ್ಳಲಿ. ಆ ಚೀಲಕ್ಕೆ ಯಾವ ಗೋಲಿಯನ್ನು ಹಾಕಬೇಕು, ಯಾವುದನ್ನು ತೆಗೆಯಬೇಕು ಎಂಬುದು ಇಲ್ಲಿ ನಮ್ಮ ವಶದಲ್ಲಿದೆ. ಯಾವಾಗ ಯಾವುದು ಕೈಗೆ ಬರುತ್ತದೆಂಬುದು ಮಾತ್ರ ನಮ್ಮ ವಶದಲ್ಲಿಲ್ಲ.

ಮೊದಲಿನ ಕಟ್ಟಿನಲ್ಲಿ ಹನ್ನೆರಡು ಎಲೆಗಳು. ಎಂಟು ಏಜೆಂಟರು, ನಾಲ್ವರು ಟ್ರೂಪರುಗಳು. ಏಜೆಂಟನೊಬ್ಬ ವೀರರನ್ನು ನೇಮಿಸಿಕೊಳ್ಳಲು ಒಂದು ಅಂಕ ಕೊಡುತ್ತಾನೆ. ಟ್ರೂಪರನೊಬ್ಬ ಹೋರಾಡಲು ಒಂದು ಅಂಕ ಕೊಡುತ್ತಾನೆ. ಪ್ರತಿ ಸರದಿಗೂ ಆರು ಎಲೆಗಳು ಕೈಗೆ ಬರುತ್ತವೆ. ಸರದಿ ಮುಗಿದಾಗ ಆರನ್ನೂ ಪಕ್ಕದ ರಾಶಿಗೆ ಒಗೆಯಬೇಕು. ಕಟ್ಟು ಮುಗಿದಾಗ ಆ ರಾಶಿಯನ್ನು ಕಲಸಿ ಹೊಸ ಕಟ್ಟು ಮಾಡಿಕೊಳ್ಳಬೇಕು. ಎದುರಿನ ಸಾಲಿನಲ್ಲಿ ಐದು ವೀರರ ಎಲೆಗಳು ಬೆಲೆಸಹಿತ ತೆರೆದಿರುತ್ತವೆ. ಒಬ್ಬರೇ ಆಡುವಾಗ ಮೂವರು ವೀರರನ್ನು ಆರಿಸಿಕೊಳ್ಳಬೇಕು; ಒಬ್ಬೊಬ್ಬ ವೀರನಿಗೂ ಹದಿನಾಲ್ಕು ಎಲೆಗಳಂತೆ ವೀರರ ಕಟ್ಟು ೪೨ ಎಲೆಗಳದಾಗುತ್ತದೆ.

ಎದುರಾಳಿಯಾದರೋ ಇನ್ನೊಂದು ಕಟ್ಟು, ಅಷ್ಟೆ. ‘ಕಾಸ್ಮಿಕ್ ಕ್ಯೂಬ್’ ಎಂಬ ಒಳಸಂಚನ್ನು ಉದಾಹರಣೆಗೆ ಆರಿಸಿಕೊಂಡರೆ, ಆ ಕಟ್ಟಿನಲ್ಲಿ ಎಂಟು ಖಳರು, ಮೂವರು ಬಂಟರು, ಒಬ್ಬ ದಾರಿಹೋಕ, ನಾಯಕನ ಹೊಡೆತವೆಂಬ ಒಂದು ಎಲೆ, ಒಳಸಂಚಿನ ತಿರುವುಗಳೆಂಬ ಎಂಟು ಎಲೆಗಳು ಇರುತ್ತವೆ. ಒಟ್ಟು ೨೧. ಪ್ರತಿ ಸರದಿಯ ಆರಂಭದಲ್ಲಿ ಇದರ ಮೇಲಿನ ಎಲೆಯೊಂದನ್ನು ಮಗುಚಬೇಕು. ಎಂಟನೆಯ ತಿರುವು ಹೊರಬಿದ್ದೊಡನೆ ದುಷ್ಟರಿಗೆ ಜಯ, ನಮಗೆ ಸೋಲು. ಅಷ್ಟರೊಳಗೆ ಖಳನಾಯಕನನ್ನು ನಾಲ್ಕು ಸಲ ಸೋಲಿಸಿದರೆ ನಮಗೆ ಜಯ. ಖಳನಾಯಕನಾಗಿ ರೆಡ್ ಸ್ಕಲ್ ಎಂಬಾತನನ್ನು ಇಟ್ಟುಕೊಳ್ಳೋಣ. ಅವನ ಬಲ ೭.

ಈ ಎದುರಾಳಿಗೆ ಬುದ್ಧಿಯಿಲ್ಲ, ದ್ವೇಷವೂ ಇಲ್ಲ. ನಮ್ಮ ಕೈಯಲ್ಲೇನಿದೆಯೆಂದು ಅದು ನೋಡುವುದಿಲ್ಲ. ಅದು ಒಂದು ಗಡಿಯಾರ, ಆದರೆ ಸಮನಾಗಿ ಓಡದ ಗಡಿಯಾರ. ವಿಕಿರಣಶೀಲ ಪರಮಾಣುಗಳು ಸಿಡಿಯುವ ಸದ್ದನ್ನು ಗೈಗರ್ ಯಂತ್ರದಲ್ಲಿ ಕೇಳಿದವರಿಗೆ ಅಂಥ ಓಟ ಅಪರಿಚಿತವಲ್ಲ. ಒಂದು ವ್ಯತ್ಯಾಸವುಂಟು. ಪರಮಾಣುವಿಗೆ ಹಿಂದಿನ ನೆನಪಿಲ್ಲ. ಎಲೆಗಳ ಕಟ್ಟಿಗೆ ನೆನಪುಂಟು. ಮೊದಲ ಹತ್ತು ಸರದಿಗಳಲ್ಲಿ ಎರಡೇ ತಿರುವುಗಳು ಬಂದಿದ್ದರೆ, ಉಳಿದ ಹನ್ನೊಂದು ಎಲೆಗಳಲ್ಲಿ ಆರು ಕಾದುಕೊಂಡಿವೆಯೆಂಬುದು ನಿಶ್ಚಯ.

ಈ ಗಡಿಯಾರ ನಮಗೆ ಎಷ್ಟು ಕಾಲ ಕೊಡುತ್ತದೆ? ಲೆಕ್ಕ ಕಠಿಣವಲ್ಲ. ಎಂಟು ತಿರುವುಗಳು ಉಳಿದ ಹದಿಮೂರು ಎಲೆಗಳನ್ನು ಒಂಬತ್ತು ಅಂತರಗಳಾಗಿ ವಿಭಾಗಿಸುತ್ತವೆ, ಮತ್ತು ಸರಾಸರಿಯಲ್ಲಿ ಆ ಅಂತರಗಳೆಲ್ಲ ಸಮ. ಆದುದರಿಂದ ಎಂಟನೆಯ ತಿರುವಿನ ಸರಾಸರಿ ಸ್ಥಾನ ೮ × ೨೨ ÷ ೯, ಅಂದರೆ ೧೯.೬. ಐದನೆಯದು ಸರಾಸರಿಯಲ್ಲಿ ಹನ್ನೆರಡನೆಯ ಸರದಿಗೆ ಬರುತ್ತದೆ. ಅಲ್ಲಿಂದ ಗಾಯಗಳ ಕಾಟ ಆರಂಭ. ಐದನೆಯ ಮತ್ತು ಆರನೆಯ ತಿರುವುಗಳು ಒಂದೊಂದು ಗಾಯದ ಎಲೆಯನ್ನು ನಮ್ಮ ಪಾಲಿಗೆ ಸೇರಿಸುತ್ತವೆ, ಏಳನೆಯದು ಮೂರನ್ನು. ಸರಾಸರಿಯನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. ಹದಿನೆಂಟನೆಯ ಸರದಿಯೊಳಗೆ ಎಲ್ಲ ಮುಗಿದುಹೋಗುವ ಸಂಭವ ನೂರಕ್ಕೆ ೨೧.೫, ಹದಿನೈದರೊಳಗೆ ಮುಗಿಯುವ ಸಂಭವ ನೂರಕ್ಕೆ ೩ರಷ್ಟು.

ಖಳರ ನಡಿಗೆಯನ್ನೂ ಹೀಗೆಯೇ ಅಳೆಯಬಹುದು. ನಗರದಲ್ಲಿ ಐದು ಠಾಣೆಗಳು: ಚರಂಡಿ, ಬ್ಯಾಂಕು, ಮಾಳಿಗೆ, ಬೀದಿ, ಸೇತುವೆ. ಹೊಸ ಖಳ ಚರಂಡಿಗೆ ಬಂದಾಗ ಹಳಬರು ಮುಂದಕ್ಕೆ ಸರಿಯುತ್ತಾರೆ. ನಾವು ಯಾರನ್ನೂ ಮುಟ್ಟದಿದ್ದರೆ ಆರನೆಯವನ ಆಗಮನದಿಂದ ಮೊದಲಿನವನು ಸೇತುವೆ ದಾಟಿ ಪಾರಾಗುತ್ತಾನೆ. ಖಳರೂ ಬಂಟರೂ ಸೇರಿ ಹನ್ನೊಂದು ಮಂದಿ. ಆರನೆಯವನ ಸರಾಸರಿ ಸ್ಥಾನ ೬ × ೨೨ ÷ ೧೨, ಸರಿಯಾಗಿ ೧೧. ಎಂದರೆ ಸುಮಾರು ಅರ್ಧ ಆಟದವರೆಗೆ ಯಾರೂ ತಪ್ಪಿಸಿಕೊಂಡುಹೋಗುವುದಿಲ್ಲ. ಹೊಸಬರು ಮೊದಲ ಖಳನನ್ನು ಕಂಡೊಡನೆ ಮೈಮೇಲೆ ಬೀಳುತ್ತಾರೆ. ಈ ಅಂಕಿಯನ್ನು ಬಲ್ಲವರು ಅಷ್ಟು ಅವಸರಪಡುವುದಿಲ್ಲ. ಹಲವರು ಕೂಡಿ ಆಡುವಾಗ ಖಳರನ್ನು ಸೋಲಿಸಿ ಗಳಿಸಿದ ಅಂಕಗಳಿಂದ ಆಟಗಾರರಲ್ಲಿ ಮೇಲಾರೆಂದು ತೀರ್ಮಾನವಾಗುತ್ತದೆ. ಒಬ್ಬನೇ ಆಡುವವನಿಗೆ ಆ ಅಂಕಗಳನ್ನು ಯಾರಿಗೆ ತೋರಿಸಬೇಕಾಗಿದೆ?

ಇನ್ನು ನಮ್ಮ ಕಟ್ಟಿನ ವಿಚಾರ. ಅಂಕಗಳ ಬಗೆಯನ್ನು ಕ್ಷಣಕಾಲ ಮರೆತು ಮೊತ್ತವನ್ನಷ್ಟೇ ಗಣಿಸೋಣ. ಮೊದಲು ೧೨ ಎಲೆ, ೧೨ ಅಂಕ, ಎಲೆಗೆ ಸರಾಸರಿ ಒಂದು, ಕೈಗೆ ಆರು. ಮೂರು ಅಂಕ ತೆತ್ತು ಎರಡು ಅಂಕ ಕೊಡುವ ಆಫೀಸರನೊಬ್ಬನನ್ನು ಕೊಳ್ಳಬಹುದು. ಅಂಥ ಇಬ್ಬರನ್ನು ಕೊಂಡರೆ ೧೪ ಎಲೆ, ೧೬ ಅಂಕ. ಕೈಗೆ ಸರಾಸರಿ ೬.೮೬. ಈಗ ಈ ಕಟ್ಟಿನಿಂದ ನಾಲ್ವರು ಏಜೆಂಟರನ್ನು ಯಾವುದೋ ಎಲೆಯ ಪ್ರಭಾವದಿಂದ ಶಾಶ್ವತವಾಗಿ ಹೊರಹಾಕಿದೆವೆನ್ನಿ. ಒಟ್ಟು ಅಂಕ ೧೬ರಿಂದ ೧೨ಕ್ಕೆ ಇಳಿಯಿತು. ಆದರೆ ಎಲೆಗಳೂ ಹತ್ತಕ್ಕೆ ಇಳಿದುದರಿಂದ ಕೈಗೆ ಬರುವುದು ೭.೨ಕ್ಕೆ ಏರಿತು! ಆಸ್ತಿ ಕರಗಿತು, ಆದಾಯ ಹೆಚ್ಚಿತು. ಕಟ್ಟಿನಲ್ಲಿ ಎಷ್ಟಿದೆಯೆಂಬುದಕ್ಕಿಂತ ಎಷ್ಟು ದಟ್ಟವಾಗಿದೆಯೆಂಬುದು ಮುಖ್ಯ. ನಾವು ಕಾಲೇಜಿನಲ್ಲಿ ದ್ರವ್ಯರಾಶಿಗೂ ಸಾಂದ್ರತೆಗೂ ಭೇದವನ್ನು ಬಿಡಿಸಿಹೇಳುವಾಗ ಇಷ್ಟು ಚೊಕ್ಕವಾದ ಉದಾಹರಣೆ ಸಿಕ್ಕುವುದು ಅಪರೂಪ.

ಗಾಯದ ಎಲೆ ಇದಕ್ಕೆ ತದ್ವಿರುದ್ಧ. ಅದರಲ್ಲಿ ಅಂಕವೇನೂ ಇಲ್ಲ. ಜಾಗ ಮಾತ್ರ ಹಿಡಿಯುತ್ತದೆ. ಇಬ್ಬರು ಆಫೀಸರುಗಳಿರುವ ೧೪ರ ಕಟ್ಟಿಗೆ ಎರಡು ಗಾಯಗಳು ಸೇರಿದರೆ ೧೬ ಎಲೆ, ೧೬ ಅಂಕ. ಕೈಗೆ ಮತ್ತೆ ಆರು. ಎರಡು ಗಾಯಗಳು ಇಬ್ಬರು ಆಫೀಸರುಗಳ ದುಡಿಮೆಯನ್ನು ಪೂರ್ತಿಯಾಗಿ ತೊಡೆದುಹಾಕಿದುವು. ಗಾಯ ವಾಸಿಮಾಡಿಕೊಳ್ಳಬೇಕಾದರೆ ಒಂದು ಸರದಿಯಲ್ಲಿ ಯಾರನ್ನೂ ಕೊಳ್ಳದೆ, ಯಾರೊಡನೆಯೂ ಹೋರಾಡದೆ ಸುಮ್ಮನಿರಬೇಕು. ಆಗ ಕೈಯಲ್ಲಿರುವ ಗಾಯಗಳೆಲ್ಲ ಹೊರಹೋಗುತ್ತವೆ. ಹತ್ತೊಂಬತ್ತು ಇಪ್ಪತ್ತು ಸರದಿಗಳ ಆಯುಷ್ಯದಲ್ಲಿ ಒಂದನ್ನು ವಿಶ್ರಾಂತಿಗೆ ಕೊಡಬೇಕೇ ಬೇಡವೇ ಎಂಬುದು ಆಗಾಗ ಏಳುವ ಧರ್ಮಸಂಕಟ. ವಿಚಿತ್ರವೆಂದರೆ, ರೆಡ್ ಸ್ಕಲ್ಲನ ‘ಹೊಡೆತ’ ನಮ್ಮ ಕೈಯಿಂದ ಒಬ್ಬನನ್ನು ಹೊರಹಾಕಿಸುತ್ತದೆ. ಆಟದ ಆದಿಯಲ್ಲಿ ಬಂದರೆ ಒಬ್ಬ ಬಡ ಏಜೆಂಟನನ್ನು ಒಪ್ಪಿಸಿ, ಶತ್ರುವಿನಿಂದಲೇ ನಮ್ಮ ಕಟ್ಟನ್ನು ತೆಳುಗೊಳಿಸಿಕೊಳ್ಳಬಹುದು.

ವೀರರಲ್ಲಿ ಸ್ಪೈಡರ್‌ಮ್ಯಾನನ ಎಲೆಗಳು ಭೌತವಿಜ್ಞಾನಿಗೆ ವಿಶೇಷ ಪ್ರಿಯವಾದುವು. ಅವನ ಎಲೆಗಳೆಲ್ಲಕ್ಕೂ ಬೆಲೆ ಎರಡೇ. ಅವನ್ನು ಆಡಿದಾಗ ಕಟ್ಟಿನ ಮೇಲಿನ ಎಲೆಯನ್ನು ತೆರೆದು, ಅದರ ಬೆಲೆ ಎರಡನ್ನು ಮೀರದಿದ್ದರೆ ಕೈಗೆ ಎತ್ತಿಕೊಳ್ಳಬಹುದು. ಕಟ್ಟಿನ ನಾಲ್ಕರಲ್ಲಿ ಮೂರು ಪಾಲು ಎಲೆಗಳು ಅಷ್ಟು ಅಗ್ಗವಾದುವಾದರೆ, ಸ್ಪೈಡರ್‌ಮ್ಯಾನ್ ಹಿಡಿದ ಜಾಗದ ಮುಕ್ಕಾಲು ಪಾಲನ್ನು ಅವನೇ ಹಿಂದಿರುಗಿಸಿದಂತಾಯಿತು. ಕೈಯಲ್ಲಿ ಅವನು ವ್ಯಯಮಾಡುವ ಸ್ಥಳ ಕಾಲು ಎಲೆ ಮಾತ್ರ. ಹಲ್ಕನ ಬಾಹುಬಲವನ್ನು ಮೆಚ್ಚುವವರು ಈ ಜೇಡನನ್ನು ಕಡೆಗಣಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಅವಿಚಾರ.

ಆದರೆ ಸರಾಸರಿಯೊಂದರಿಂದಲೇ ರೆಡ್ ಸ್ಕಲ್ಲನನ್ನು ಗೆಲ್ಲಲಾಗದು, ಮತ್ತು ಈ ಆಟದ ತಿರುಳಿರುವುದು ಇಲ್ಲಿಯೇ. ಒಂದು ಸರದಿಯಲ್ಲಿ ಗಳಿಸಿದ ಹೋರಾಟದ ಅಂಕಗಳು ಮುಂದಿನ ಸರದಿಗೆ ಉಳಿಯುವುದಿಲ್ಲ. ಅವನ ಬಲ ೭. ಈ ಸರದಿಯಲ್ಲಿ ಆರು, ಮುಂದಿನದರಲ್ಲಿ ಆರು, ಅದರಾಚೆ ಮತ್ತೆ ಆರು ಬಂದರೂ ಅವನ ಕೂದಲೂ ಕೊಂಕದು. ಬೆಳಕು ಲೋಹದ ಮೇಲೆ ಬಿದ್ದು ಎಲೆಕ್ಟ್ರಾನುಗಳನ್ನು ಹೊರಡಿಸುವ ವಿದ್ಯಮಾನವನ್ನು ೧೯೦೫ರಲ್ಲಿ ಐನ್‌ಸ್ಟೈನರು ವಿವರಿಸಿದ ಬಗೆ ಇಲ್ಲಿ ನೆನಪಿಗೆ ಬರುತ್ತದೆ. ಒಂದೊಂದು ಬೆಳಕಿನ ಕಣದಲ್ಲಿಯೂ ಸಾಕಷ್ಟು ಶಕ್ತಿಯಿಲ್ಲದಿದ್ದರೆ, ಎಷ್ಟು ಹೊತ್ತು ಬೆಳಗಿದರೂ ಎಲೆಕ್ಟ್ರಾನ್ ಹೊರಬರುವುದಿಲ್ಲ. ಇಲ್ಲಿಯೂ ಒಂದು ಹೊಸ್ತಿಲುಂಟು. ಅದನ್ನು ಒಂದೇ ನೆಗೆತಕ್ಕೆ ದಾಟಬೇಕು.

ಇದರ ಪರಿಣಾಮವನ್ನು ಎರಡು ಕಾಲ್ಪನಿಕ ಕಟ್ಟುಗಳಿಂದ ನೋಡಬಹುದು. ಎರಡರಲ್ಲಿಯೂ ೧೮ ಎಲೆಗಳು. ಮೊದಲನೆಯದರಲ್ಲಿ ಪ್ರತಿಯೊಂದು ಎಲೆಗೂ ಹೋರಾಟದ ಅಂಕ ಒಂದೊಂದು. ಎರಡನೆಯದರಲ್ಲಿ ಆರು ಎಲೆಗಳಿಗೆ ಮಾತ್ರ ಮೂರು ಮೂರು. ಉಳಿದ ಹನ್ನೆರಡಕ್ಕೆ ಸೊನ್ನೆ. ಎರಡರ ಸರಾಸರಿಯೂ ಕೈಗೆ ಆರೇ. ಮೊದಲ ಕಟ್ಟಿನಿಂದ ಪ್ರತಿ ಸಲವೂ ಆರೇ ಬರುತ್ತದೆ; ಪ್ರಳಯವಾಗುವವರೆಗೆ ಆಡಿದರೂ ಏಳು ಬಾರದು. ಎರಡನೆಯದರಲ್ಲಿ ಕೈಗೆ ಮೂರು ಅಥವಾ ಹೆಚ್ಚು ಬಲಶಾಲಿ ಎಲೆಗಳು ಬರುವ ಸಂಭವ ನೂರಕ್ಕೆ ೨೯. ಮೊದಲ ಎರಡು ಕೈಗಳಲ್ಲಿ ಅವುಗಳಲ್ಲೊಂದೂ ಕಾಣದಿದ್ದರಂತೂ ಮೂರನೆಯ ಕೈಯಲ್ಲಿ ಆರೂ ಬರಲೇಬೇಕು. ಆಗ ೧೮ ಅಂಕಗಳಿಂದ ಒಂದೇ ಸರದಿಯಲ್ಲಿ ನಾಯಕನನ್ನು ಎರಡು ಸಲ ಕೆಡವಬಹುದು. ‘ಇಷ್ಟು ಹೊತ್ತು ಬಾರದುದು ಇನ್ನು ಬಂದೇ ಬರುತ್ತದೆ’ ಎಂದು ಪಗಡೆ ದಾಳದ ಮುಂದೆ ಹೇಳಿದರೆ ಅದು ಭ್ರಾಂತಿ. ಎಲೆಗಳ ಕಟ್ಟಿನ ಮುಂದೆ ಹೇಳಿದರೆ ಶುದ್ಧ ಗಣಿತ.

ಹಾಗಾದರೆ ಏರಿಳಿತ ಯಾವಾಗಲೂ ಒಳ್ಳೆಯದೇ? ಅಲ್ಲ. ಸರಾಸರಿ ಹೊಸ್ತಿಲನ್ನು ದಾಟಿದ ಮೇಲೆ ನ್ಯಾಯ ತಲೆಕೆಳಗಾಗುತ್ತದೆ. ಹದಿನೆಂಟು ಎಲೆಗಳಲ್ಲಿ ಒಂಬತ್ತಕ್ಕೆ ಮೂರು ಮೂರು ಅಂಕ, ಒಂಬತ್ತಕ್ಕೆ ಸೊನ್ನೆ ಇರಲಿ. ಸರಾಸರಿ ಕೈಗೆ ೯. ಆದರೂ ಏಳು ಮುಟ್ಟದೆ ಹೋಗುವ ಸಂಭವ ನೂರಕ್ಕೆ ೩೧. ಅದೇ ಒಂಬತ್ತಕ್ಕೆ ಎರಡು, ಒಂಬತ್ತಕ್ಕೆ ಒಂದು ಎಂದಿದ್ದರೆ ಸರಾಸರಿ ಮತ್ತೆ ೯. ತಪ್ಪುವ ಸಂಭವ ನೂರಕ್ಕೆ ಅರ್ಧದಷ್ಟೂ ಇಲ್ಲ. ಬಡವನಾಗಿರುವಾಗ ಏರಿಳಿತ ಸ್ನೇಹಿತ, ಅನುಕೂಲಸ್ಥನಾದ ಮೇಲೆ ಅದೇ ಶತ್ರು. ಆದಕಾರಣ ಯಾವ ಎಲೆಯನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಆಟದ ಉದ್ದಕ್ಕೂ ಒಂದೇ ಉತ್ತರವಿಲ್ಲ.

ಕೊಳ್ಳುವುದನ್ನು ಯಾವಾಗ ನಿಲ್ಲಿಸಬೇಕು? ಕೊಂಡ ಎಲೆ ಒಡನೆ ಕೈಗೆ ಬರುವುದಿಲ್ಲ. ಒಗೆದ ರಾಶಿಗೆ ಹೋಗಿ, ಕಲಸಿದ ಮೇಲೆ ತನ್ನ ಸರದಿಗಾಗಿ ಕಾಯುತ್ತದೆ. ಹದಿನೆಂಟು ಎಲೆಗಳ ಕಟ್ಟು ಒಂದು ಸುತ್ತು ಬರಲು ಮೂರು ಸರದಿಗಳು ಬೇಕು, ಇಪ್ಪತ್ತನಾಲ್ಕರದಾದರೆ ನಾಲ್ಕು. ನಾಲ್ಕನೆಯ ಸರದಿಯಲ್ಲಿ ಕೊಂಡ ವೀರ ಸ್ಥೂಲವಾಗಿ ಐದು ಸಲ ನಮ್ಮ ಪಕ್ಷದಲ್ಲಿ ಹೋರಾಡಿಯಾನು. ಹದಿನಾರನೆಯದರಲ್ಲಿ ಕೊಂಡವನು ಒಮ್ಮೆ ಮುಖ ತೋರಿಸಿದರೆ ಅದೇ ಹೆಚ್ಚು. ಸಾಲಿನಲ್ಲಿ ಹೊಳೆಹೊಳೆಯುತ್ತ ಕುಳಿತ ದುಬಾರಿ ವೀರನನ್ನು ಕಂಡು ಆ ಹೊತ್ತಿನಲ್ಲಿ ಬಾಯಲ್ಲಿ ನೀರೂರುವುದು ಸಹಜವಾದರೂ, ಕೊಳ್ಳುವುದು ಅಂಗಡಿಯವನಿಗೆ ಲಾಭ. ಇದರ ಜೊತೆಗೆ, ಒಬ್ಬರೇ ಆಡುವಾಗ ಪ್ರತಿಯೊಂದು ತಿರುವಿಗೂ ಬೆಲೆ ಆರನ್ನು ಮೀರದ ಒಬ್ಬ ವೀರನನ್ನು ಸಾಲಿನಿಂದ ತೆಗೆದುಬಿಡಬೇಕೆಂಬ ನಿಯಮವುಂಟು. ಮೇಲ್ನೋಟಕ್ಕೆ ಅದು ದಂಡ. ಆದರೆ ನಿರುಪಯುಕ್ತರಿಂದ ತುಂಬಿದ ಸಾಲನ್ನು ಚೊಕ್ಕಟಮಾಡಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕುವುದಿಲ್ಲ.

ಈ ಲೆಕ್ಕಗಳೆಲ್ಲವೂ ಒಂದು ನಂಬಿಕೆಯ ಮೇಲೆ ನಿಂತಿವೆ: ಎಲೆಗಳು ಚೆನ್ನಾಗಿ ಕಲಸಿವೆಯೆಂಬುದು. ನಾಲ್ವರು ಕುಳಿತಿದ್ದರೆ ಒಬ್ಬ ಕಲಸಿದುದನ್ನು ಇನ್ನೊಬ್ಬ ಕತ್ತರಿಸುತ್ತಾನೆ, ಮೂರನೆಯವನು ಗೊಣಗುತ್ತಾನೆ. ಒಂಟಿ ಆಟಗಾರನ ಕೈಯನ್ನು ನೋಡುವವರಾರೂ ಇಲ್ಲ. ಕಟ್ಟನ್ನು ಎರಡು ಭಾಗಮಾಡಿ ಅಂಚಿನಿಂದ ಒಂದರೊಳಗೊಂದು ಸೇರಿಸುವ ರೀತಿಯಲ್ಲಿ ೫೨ ಎಲೆಗಳು ಸಾಕಷ್ಟು ಬೆರೆಯಬೇಕಾದರೆ ಸುಮಾರು ಏಳು ಸಲ ಕಲಸಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ ೧೯೯೨ರಲ್ಲಿ ತೋರಿಸಿದರು. ನಮ್ಮ ಹದಿನೈದಿಪ್ಪತ್ತು ಎಲೆಗಳಿಗೂ ಐದಾರು ಸಲವಾದರೂ ಬೇಕು. ಎರಡು ಸಲ ಕಲಸಿ ಬಿಟ್ಟರೆ ಏನಾಗುತ್ತದೆ? ಒಂದೇ ಸರದಿಯಲ್ಲಿ ಕೂಡಿ ಬಿದ್ದ ಎಲೆಗಳು ಕೂಡಿಯೇ ಉಳಿಯುತ್ತವೆ. ಬಲಶಾಲಿಗಳು ಗುಂಪಾಗಿ ಬರುತ್ತಾರೆ, ದುರ್ಬಲರೂ ಗುಂಪಾಗಿಯೇ ಬರುತ್ತಾರೆ. ಅಂದರೆ ಏರಿಳಿತ ಹೆಚ್ಚುತ್ತದೆ. ಹೊಸ್ತಿಲಿನ ಆಟದಲ್ಲಿ ಏರಿಳಿತಕ್ಕೆ ಬೆಲೆಯುಂಟೆಂದು ಆಗಲೇ ನೋಡಿದೆವು. ಸೋಮಾರಿಯ ಕಲಸಾಟ ಆಟದ ಫಲವನ್ನೇ ಬದಲಾಯಿಸಬಲ್ಲುದು.

ಅದಕ್ಕಿಂತ ದೊಡ್ಡ ಪ್ರಲೋಭನೆ ಇನ್ನೊಂದಿದೆ. ಮಗುಚಿದ ಎಲೆ ಕೆಟ್ಟದಾದಾಗ ‘ಇದೊಂದನ್ನು ಹಿಂದಕ್ಕಿಡೋಣ, ನೋಡಿದವರಾರು?’ ಎನ್ನಿಸುತ್ತದೆ. ಪ್ರಯೋಗಶಾಲೆಯಲ್ಲಿ ಲೋಲಕದ ಇಪ್ಪತ್ತು ಆಂದೋಲನಗಳನ್ನು ಎಣಿಸುವ ಹುಡುಗರು, ಪುಸ್ತಕದಲ್ಲಿರುವ ಬೆಲೆಗೆ ಹೊಂದದ ಅಳತೆಯನ್ನು ಮೆಲ್ಲಗೆ ಹೊಡೆದುಹಾಕುವುದನ್ನು ನಾವು ಬಲ್ಲೆವು. ಅಂಥ ಪಟ್ಟಿಯಿಂದ ಬರುವ ಉತ್ತರ ಬಹಳ ಅಂದವಾಗಿರುತ್ತದೆ; ಲೋಲಕದ ಬಗ್ಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ. ಒಂಟಿ ಆಟದಿಂದ ತಿಳಿಯಬೇಕಾದುದು ಒಂದೇ: ನಮ್ಮ ಗೆಲುವಿನಲ್ಲಿ ಜಾಣ್ಮೆಯ ಪಾಲೆಷ್ಟು, ಎಲೆಗಳ ಕೃಪೆ ಎಷ್ಟು? ಎಲೆಯನ್ನು ಹಿಂದಕ್ಕಿಟ್ಟ ಆಟದಿಂದ ಅದು ಎಂದಿಗೂ ತಿಳಿಯದು.

ಇಟ್ಟುಕೊಂಡ ಲೆಕ್ಕ ಪ್ರಾಮಾಣಿಕವಾಗಿದ್ದರೂ ಉತ್ತರ ಬೇಗ ಸಿಕ್ಕುವುದಿಲ್ಲ. ಹತ್ತು ಆಟಗಳಲ್ಲಿ ಆರು ಗೆದ್ದವನು ತಾನು ನೂರಕ್ಕೆ ಅರವತ್ತು ಗೆಲ್ಲುವವನೆಂದು ಬೀಗುವಂತಿಲ್ಲ. ಹತ್ತು ಆಟಗಳ ಎಣಿಕೆಯಲ್ಲಿ ನೂರಕ್ಕೆ ಹದಿನಾರರಷ್ಟು ಅನಿಶ್ಚಯ ಸಹಜವಾಗಿಯೇ ಇರುತ್ತದೆ. ಸರಿಸಮಾನ ಸಂಭವವುಳ್ಳವನೂ ಹತ್ತರಲ್ಲಿ ಆರನ್ನು ಎಷ್ಟೋ ಸಲ ಗೆದ್ದಾನು. ನೂರು ಆಟಗಳಾದರೆ ಅನಿಶ್ಚಯ ಐದಕ್ಕೆ ಇಳಿಯುತ್ತದೆ. ಐವತ್ತಕ್ಕೂ ಅರವತ್ತಕ್ಕೂ ಇರುವ ಅಂತರ ಆಗ ಕಣ್ಣಿಗೆ ಬೀಳತೊಡಗುತ್ತದೆ. ಆಟವೊಂದಕ್ಕೆ ಮುಕ್ಕಾಲು ಗಂಟೆಯಂತೆ ಹಿಡಿದರೂ ಇದು ಎಪ್ಪತ್ತೈದು ಗಂಟೆಗಳ ಕೆಲಸ. ಉಲಾಮರು ಕೈಯಿಂದ ಆಡುವುದನ್ನು ಬಿಟ್ಟು ಗಣಕಯಂತ್ರದ ಕಡೆಗೆ ತಿರುಗಿದುದು ಏಕೆಂದು ಇದರಿಂದ ತಿಳಿಯುತ್ತದೆ.

ಅಷ್ಟು ತಾಳ್ಮೆಯುಳ್ಳ ವಾಚಕರಿಗೆ ಒಂದು ಸೂಚನೆ. ಗೆಲುವು ಸೋಲುಗಳ ಜೊತೆಗೆ, ಪ್ರತಿ ಆಟ ಮುಗಿದ ಮೇಲೆ ಖಳರ ಕಟ್ಟಿನ ತಳದಲ್ಲಿದ್ದ ಎಲೆ ಯಾವುದೆಂಬುದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ. ಇಪ್ಪತ್ತೊಂದರಲ್ಲಿ ಎಂಟು ತಿರುವುಗಳಿರುವುದರಿಂದ, ನೂರು ಆಟಗಳಲ್ಲಿ ಸುಮಾರು ಮೂವತ್ತೆಂಟು ಸಲ ತಳದಲ್ಲಿ ತಿರುವು ಇರಬೇಕು. ಐದರಷ್ಟು ಅತ್ತಿತ್ತ ಆಗಬಹುದು. ನಿಮ್ಮ ಪುಸ್ತಕದಲ್ಲಿ ಆ ಅಂಕಿ ಇಪ್ಪತ್ತಕ್ಕೆ ಇಳಿದಿದ್ದರೆ ಅಥವಾ ಐವತ್ತೈದಕ್ಕೆ ಏರಿದ್ದರೆ, ರೆಡ್ ಸ್ಕಲ್ಲನ ವಿಚಾರವನ್ನು ಬದಿಗಿಟ್ಟು ನೀವು ಎಲೆಗಳನ್ನು ಕಲಸುವ ರೀತಿಯನ್ನು ಮೊದಲು ಪರೀಕ್ಷಿಸಿರಿ.